ಅಕ್ಕನಿಗೆ ಹೇಳಿದ ಪಾಠ

ಬಿ.ಎ., ಬಿ.ಎಡ್. ಮಾಡಿದವಳ ಕೈಗೆ ಜೀವಶಾಸ್ತ್ರದ ಪಾಠ ಕೊಟ್ಟರೆ ಏನಾಗುತ್ತದೆ ಎಂದು ನೋಡಬೇಕಾಗಿದ್ದರೆ ನೀವು 2022ರ ಮಳೆಗಾಲದಲ್ಲಿ ನಮ್ಮ ಶಾಲೆಗೆ ಬರಬೇಕಾಗಿತ್ತು. ರಾಜಾಜಿನಗರದ ಹಳೆಯದೊಂದು ಅನುದಾನಿತ ಪ್ರೌಢಶಾಲೆ ಅದು. ಕನ್ನಡ, ಸಮಾಜ ಎರಡನ್ನೇ ನೆಚ್ಚಿಕೊಂಡು ಇಪ್ಪತ್ತೈದು ವರ್ಷ ಬಾಳಿದವಳು ನಾನು. ಆ ಜೂನಿನಲ್ಲಿ ವಿಜ್ಞಾನದ ಟೀಚರು ಹೆರಿಗೆ ರಜೆಯ ಮೇಲೆ ಹೋದರು. ಬದಲಿಗೆ ಯಾರೂ ಬರಲಿಲ್ಲ. ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆಸಿ, "ಉಳಿದದ್ದನ್ನೆಲ್ಲ ಹೇಗೋ ಹೊಂದಿಸಿದ್ದೇನೆ. ಒಂಬತ್ತನೆಯ ತರಗತಿಯ ಬಯಾಲಜಿ ಮಾತ್ರ ನೀವು ನೋಡಿಕೊಳ್ಳಿ. ನೀವು ಕಥೆ ಹೇಳಿದ ಹಾಗೆ ಹೇಳ್ತೀರಿ, ಮಕ್ಕಳಿಗೆ ಇಷ್ಟ" ಎಂದರು. ಹೊಗಳಿಕೆಯ ಬೆಲ್ಲ ಹಚ್ಚಿದ ಹಾಗಲಕಾಯಿ ಎಂದು ಗೊತ್ತಿದ್ದೂ ನುಂಗಿದೆ.

ಅಂದಿನಿಂದ ವಿಜಯನಗರದ ನಮ್ಮ ಮನೆಯಲ್ಲಿ ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ನನ್ನ ಓದು ಶುರುವಾಗುತ್ತಿತ್ತು. "ಪರೀಕ್ಷೆ ಯಾವಾಗ?" ಎಂದು ಯಜಮಾನರು ಕೆಣಕುತ್ತಿದ್ದರು. ಕೋಶ, ಕೋಶಕೇಂದ್ರ, ವರ್ಣತಂತು ಎಂದು ಗಟ್ಟಿಮಾಡುತ್ತ ಹೋದವಳು ಕೋಶ ವಿಭಜನೆಯ ಚಿತ್ರದ ಹತ್ತಿರ ತಟ್ಟನೆ ನಿಂತೆ. ಚಿತ್ರದಲ್ಲಿ ಕೋಶದ ಎರಡು ತುದಿಗಳಿಂದ ಸಣ್ಣ ಸಣ್ಣ ಎಳೆಗಳು ಹೊರಟು ನಡುವಿನ ವರ್ಣತಂತುಗಳನ್ನು ಹಿಡಿದುಕೊಂಡಿದ್ದವು. ಪಕ್ಕದಲ್ಲಿ ‘ಕದಿರು ಎಳೆಗಳು’ ಎಂದು ಬರೆದಿತ್ತು.

ಕದಿರು! ನಮ್ಮಪ್ಪನ ಮಾತು ಅದು. ಅಪ್ಪ ಬಿನ್ನಿ ಮಿಲ್ಲಿನಲ್ಲಿ ನೂಲುವ ವಿಭಾಗದಲ್ಲಿದ್ದರು. 1884ರಲ್ಲಿ ಶುರುವಾದ ಆ ಮಿಲ್ಲು ಈಗಿಲ್ಲ. ಆ ಜಾಗದಲ್ಲಿ ಆಕಾಶ ಮುಟ್ಟುವ ಅಪಾರ್ಟ್‌ಮೆಂಟುಗಳು ನಿಂತಿವೆ. ಕೂದಲಲ್ಲೆಲ್ಲ ಹತ್ತಿಯ ಧೂಳು ತುಂಬಿಕೊಂಡು ಮನೆಗೆ ಬರುತ್ತಿದ್ದ ಅಪ್ಪ, ಅಕ್ಕನನ್ನೂ ನನ್ನನ್ನೂ ಕೂರಿಸಿಕೊಂಡು ಮಿಲ್ಲಿನ ಕಥೆ ಹೇಳುತ್ತಿದ್ದರು. ಸಾಲಾಗಿ ನೂರಾರು ಕದಿರುಗಳು ತಿರುಗುತ್ತಿರುತ್ತವಂತೆ. ಎಲ್ಲಾದರೂ ಎಳೆ ಕಡಿದರೆ ಕಂಡ ಕೂಡಲೇ ಆ ಕದಿರನ್ನು ಹಿಡಿದು ನಿಲ್ಲಿಸಿ, ಎಳೆ ಕೂಡಿಸಿ, ಆಮೇಲೆ ಬಿಡಬೇಕಂತೆ. "ಕದಿರು ತಿರುಗಿಸೋಕೆ ಯಂತ್ರ ಇದೆಯಮ್ಮ. ನಿಲ್ಲಿಸೋಕೆ ಮನುಷ್ಯ ಬೇಕು. ನಿಲ್ಲಿಸದಿದ್ದರೆ ನೂಲಾಗಲ್ಲ, ಬರೀ ಗಂಟಾಗುತ್ತೆ" ಎನ್ನುತ್ತಿದ್ದರು.

ಅಪ್ಪನ ಕದಿರು ಹಿಡಿದುಕೊಂಡ ಮೇಲೆ ಪಾಠ ಸಲೀಸಾಯಿತು. ಈ ವಿಭಜನೆಯನ್ನು ಮೊದಲು ವಿವರವಾಗಿ ಕಂಡು 1882ರಲ್ಲಿ ಪುಸ್ತಕ ಬರೆದ ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಕೂಡ ನೂಲಿನ ಮಾತನ್ನೇ ಆರಿಸಿಕೊಂಡಿದ್ದಾನೆ. ‘ಮೈಟಾಸಿಸ್’ ಎಂಬ ಹೆಸರು ಬಂದದ್ದು ನೂಲು ಎಂಬ ಅರ್ಥದ ಗ್ರೀಕ್ ಪದದಿಂದ. ನಮ್ಮ ಒಂದೊಂದು ಕೋಶದಲ್ಲೂ ಬಿಡಿಸಿ ಉದ್ದಕ್ಕೆ ಹಿಡಿದರೆ ಸುಮಾರು 2 ಮೀಟರ್ ಆಗುವಷ್ಟು ಎಳೆ ಇದೆ. ಅದು 46 ವರ್ಣತಂತುಗಳಾಗಿ ಸುತ್ತಿಕೊಂಡಿರುತ್ತದೆ. ಕೋಶ ಎರಡಾಗಬೇಕಾದರೆ ಮೊದಲು ಉಂಡು ದೊಡ್ಡದಾಗಬೇಕು. ಆಮೇಲೆ ಆ ಎಳೆಯ ಮೇಲಿರುವ ಬರಹವನ್ನೆಲ್ಲ ಒಂದಕ್ಷರ ಬಿಡದೆ ನಕಲು ಮಾಡಬೇಕು. ಆ ಬರಹ ಸುಮಾರು 600 ಕೋಟಿ ಅಕ್ಷರಗಳಷ್ಟಿದೆ. ಅದಾದ ಮೇಲೆ ಕದಿರಿನ ಎಳೆಗಳು ಎರಡೂ ಕಡೆಯಿಂದ ಬಂದು, ಜೋಡಿ ನಕಲುಗಳನ್ನು ಹಿಡಿದು, ಆ ಕಡೆಗೊಂದು ಈ ಕಡೆಗೊಂದು ಎಳೆದುಕೊಳ್ಳುತ್ತವೆ. ನಡುವೆ ಸೊಂಟ ಬಿಗಿದ ಹಾಗಾಗಿ ಒಂದು ಕೋಶ ಎರಡಾಗುತ್ತದೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿದ ಮನುಷ್ಯನ ಕೋಶಕ್ಕೆ ಇದೆಲ್ಲ ಮುಗಿಯಲು ಹೆಚ್ಚುಕಡಿಮೆ ಒಂದು ದಿನ ಬೇಕು. ಒಡೆದು ಎರಡಾಗುವ ಕೆಲಸ ಮಾತ್ರ ಸುಮಾರು ಒಂದು ಗಂಟೆಯದು. ಉಳಿದದ್ದೆಲ್ಲ ತಯಾರಿ. ಹಬ್ಬದ ಒಬ್ಬಟ್ಟಿನ ಊಟ ನೆನಪಾಗಲಿಲ್ಲವೇ? ಹಿಂದಿನ ದಿನದಿಂದ ನಾವು ಬೇಯುತ್ತೇವೆ, ಎಲೆ ಮುಂದೆ ಕೂತವರು ಅರ್ಧ ಗಂಟೆಯಲ್ಲಿ ಎದ್ದು ಕೈ ತೊಳೆಯುತ್ತಾರೆ.

ಮಕ್ಕಳಿಗೆ ಈರುಳ್ಳಿ ಬೇರಿನ ತುದಿಯನ್ನು ತೋರಿಸಿದೆ. ನೀರಿನ ಲೋಟದ ಮೇಲೆ ಈರುಳ್ಳಿ ಕೂರಿಸಿಟ್ಟರೆ ಮೂರು ನಾಲ್ಕು ದಿನಕ್ಕೆ ಬಿಳಿ ಬೇರು ಇಳಿಯುತ್ತದೆ. ತುದಿ ಕತ್ತರಿಸಿ, ಆಮ್ಲದಲ್ಲಿ ಮೆದುಮಾಡಿ, ಬಣ್ಣ ಹಾಕಿ, ಗಾಜಿನಡಿ ಹೆಬ್ಬೆರಳಿನಿಂದ ಒತ್ತಿ, ಶಾಲೆಯಲ್ಲಿದ್ದ ಒಂದೇ ಒಂದು ಮೈಕ್ರೊಸ್ಕೋಪಿನಲ್ಲಿ ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಎರಡು ಬಾಚಣಿಗೆ ದೂರ ಹೋಗ್ತಾ ಇರೋ ಹಾಗಿದೆ!" ಎಂದು ಕೂಗಿದಳು. ನಾನೂ ಬಗ್ಗಿ ನೋಡಿದೆ. ದಿನಾ ಹುಳಿಗೆ ಹೆಚ್ಚಿ ಹಾಕುವ ಈರುಳ್ಳಿಯೊಳಗೆ ಇಷ್ಟು ಶಿಸ್ತಿನ ಸಂಸಾರವಿದೆಯೆಂದು ಐವತ್ತೆರಡನೆಯ ವಯಸ್ಸಿನಲ್ಲಿ ಕಂಡೆ. ನಮ್ಮ ಬಿ.ಜಿ.ಎಲ್. ಸ್ವಾಮಿಯವರ ಪುಸ್ತಕಗಳನ್ನು ನಗುವುದಕ್ಕೆಂದೇ ಓದಿದವಳು ನಾನು. ಬೀಜದೊಳಗಿನ ಮೊದಲ ಕೋಶ ಹೇಗೆ ಒಡೆದು ಸಸಿಯಾಗುತ್ತದೆ ಎಂದು ನೋಡುವುದೂ ಅವರ ವಿದ್ವತ್ತಿನ ಭಾಗವಾಗಿತ್ತೆಂಬುದು ಆಗ ಅರ್ಥವಾಯಿತು.

ಆ ಪಾಠದ ಚಾರ್ಟು ಬರೆಯುತ್ತಿದ್ದ ರಾತ್ರಿಯೇ ಕೆಂಗೇರಿ ಉಪನಗರದಿಂದ ಅಕ್ಕನ ಫೋನು ಬಂತು. ಆಗಸ್ಟ್ ತಿಂಗಳು. ಅದೂ ಇದೂ ಮಾತಾಡಿದ ಮೇಲೆ, "ನಮ್ಮ ಎದುರುಮನೆಯವಳಿಗೆ ಎದೆಯಲ್ಲಿ ಒಂದು ಗಂಟಾಗಿದೆಯಂತೆ ಕಣೇ. ಕಡಲೆಕಾಳಷ್ಟು. ನೋವೇನೂ ಇಲ್ಲವಂತೆ. ನೀನೀಗ ಬಯಾಲಜಿ ಟೀಚರಲ್ಲವಾ, ಅದಕ್ಕೇ ಕೇಳಿದೆ" ಎಂದಳು. ನನ್ನ ಕೈಯಲ್ಲಿ ಕೆಂಪು ಸ್ಕೆಚ್‌ಪೆನ್ನಿತ್ತು. ಫೋನನ್ನು ಹೆಗಲಿಗೆ ಸಿಕ್ಕಿಸಿಕೊಂಡೇ, "ನೋವಿಲ್ಲದಿದ್ದರೆ ಏನೂ ಇರಲ್ಲ ಬಿಡು. ಕೊಬ್ಬಿನ ಗಂಟಿರುತ್ತೆ. ನಮ್ಮತ್ತೆಗೂ ಬೆನ್ನಿನ ಮೇಲೆ ಇರಲಿಲ್ಲವಾ?" ಎಂದೆ. "ಹೌದಲ್ವಾ" ಎಂದಳು. ಆ ದನಿಯಲ್ಲಿ ಒಂದು ನಿರಾಳವಿತ್ತು. ನನಗದು ಕೇಳಿಸಿತು. ಅರ್ಥವಾಗಲಿಲ್ಲ.

ಐದು ತಿಂಗಳು ಕಳೆದು ಸಂಕ್ರಾಂತಿ ಬಂತು. ಎಳ್ಳು ಬೀರಲು ಹೋದೆ. ಅಕ್ಕ ನನ್ನನ್ನು ಒಳಕೋಣೆಗೆ ಕರೆದು ಬಾಗಿಲು ಮುಂದಕ್ಕೆಳೆದಳು. ನನ್ನ ಕೈ ಹಿಡಿದು ತನ್ನ ಎಡ ಎದೆಯ ಮೇಲಿಟ್ಟುಕೊಂಡಳು. ಬೆರಳಿನ ಕೆಳಗೆ ನೆಲ್ಲಿಕಾಯಿಯಷ್ಟು ಗಟ್ಟಿ ಗಂಟು. "ಎದುರುಮನೆಯವಳದಲ್ಲ ಕಣೇ, ನಂದೇ" ಎಂದಳು.

ಮಗಳ ಮದುವೆ ಗೊತ್ತಾಗಿತ್ತಂತೆ, ಭಾವನವರ ರಕ್ತದೊತ್ತಡ ಏರಿತ್ತಂತೆ, ಖರ್ಚಿನ ಮೇಲೆ ಖರ್ಚಂತೆ. "ಮತ್ತೆ ನೀನೂ ಏನೂ ಇಲ್ಲ ಅಂದೆಯಲ್ಲ" ಎಂದಳು. ದೂರು ಹೇಳಲಿಲ್ಲ. ಕಾರಣಗಳ ಪಟ್ಟಿಯಲ್ಲಿ ಅದನ್ನೂ ಸೇರಿಸಿದಳು, ಅಷ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ನನ್ನದೇ ಪಾಠದ ಟಿಪ್ಪಣಿಯಲ್ಲಿ ಲೆಕ್ಕ ಹಾಕಿದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಚದುರಂಗದ ಮನೆಗೆ ಅಕ್ಕಿಕಾಳು ಇಟ್ಟ ಕಥೆಯ ಹಾಗೆ ಇಮ್ಮಡಿಯಾಗುತ್ತ ಹೋದರೆ 45ನೆಯ ಸಲಕ್ಕೆ 35 ಲಕ್ಷ ಕೋಟಿ ದಾಟುತ್ತದೆ. ಒಂದು ಮನುಷ್ಯ ದೇಹದಲ್ಲಿರುವ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೆ. ಅದನ್ನು ಮಕ್ಕಳಿಗೆ ಹೆಮ್ಮೆಯಿಂದ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ. ದಾರಿ ತಪ್ಪಿದ ಕೋಶಕ್ಕೂ ಲೆಕ್ಕ ಇದೇ. ಒಂದು ಕೋಶ 30 ಸಲ ಇಮ್ಮಡಿಯಾದಾಗ 100 ಕೋಟಿ ದಾಟುತ್ತದೆ, ಕೈಗೆ ಸಿಗುವ ಒಂದು ಸೆಂಟಿಮೀಟರ್ ಗಾತ್ರದ ಗಂಟಾಗುತ್ತದೆ. ಎಂದರೆ, ಕಡಲೆಕಾಳು ಎಂದು ಬೆರಳಿಗೆ ತಿಳಿಯುವ ಹೊತ್ತಿಗೇ ಅದು ಬಹಳ ದೂರ ಬಂದಿರುತ್ತದೆ. ಕಡಲೆಕಾಳು ನೆಲ್ಲಿಕಾಯಿಯಾಗಲು, ಒಂದು ಸೆಂಟಿಮೀಟರ್ ಎರಡಾಗಲು ಇನ್ನು ಮೂರೇ ಇಮ್ಮಡಿ ಸಾಕು. ಎರಡು, ನಾಲ್ಕು, ಎಂಟು. ಗಾತ್ರ ಎಂಟರಷ್ಟಾಯಿತು. ಆ ಮೂರು ಇಮ್ಮಡಿಗಳು ನಡೆದದ್ದು ನನ್ನ ಮಾತನ್ನು ನಂಬಿ ಅಕ್ಕ ನೆಮ್ಮದಿಯಿಂದಿದ್ದ ದಿನಗಳಲ್ಲಿ. ಸ್ತನದ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ. ಇದನ್ನು ನಾನು ತಿಳಿದುಕೊಂಡದ್ದು ಆಮೇಲೆ.

ಇನ್ನೊಂದು ಮಾತು ಹೇಳದಿದ್ದರೆ ಈ ಸಂಕಟ ಪೂರ್ತಿಯಾಗುವುದಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ಏಳನೆಯ ತರಗತಿಗೆ ಶಾಲೆ ಬಿಟ್ಟು ಒಲೆಯ ಮುಂದೆ ಕೂತವಳು ಅಕ್ಕ. ನಾನು ಬಿ.ಎ. ಓದಿದ್ದು ಅವಳು ಓದದೇ ಇದ್ದದ್ದರಿಂದ. ಹಾಗೆ ಓದಿದ ತಂಗಿ ಅವಳಿಗೆ ಹೇಳಿದ ಪಾಠ ಇದು.

ಪರೀಕ್ಷೆಗಳಾದವು. ಹೊಸೂರು ರಸ್ತೆಯ ಕಿದ್ವಾಯಿಗೆ ಹೋದೆವು. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಶುರುವಾದ ಆಸ್ಪತ್ರೆ. ಆ ವರಾಂಡದಲ್ಲಿ ಕೂತರೆ ಕರ್ನಾಟಕದ ಎಲ್ಲ ಕನ್ನಡವೂ ಕಿವಿಗೆ ಬೀಳುತ್ತದೆ. ಕಲಬುರಗಿಯ ಕನ್ನಡ, ಚಾಮರಾಜನಗರದ ಕನ್ನಡ, ಹಾವೇರಿಯ ಕನ್ನಡ. ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮಾರ್ಚಿನಿಂದ ಮೂರು ವಾರಕ್ಕೊಮ್ಮೆ ಎಂಟು ಸಲ ಕೀಮೊ. ಕೆಂಗೇರಿಯಲ್ಲಿ ಮೆಟ್ರೊ ಹತ್ತಿದ ಅಕ್ಕನನ್ನು ವಿಜಯನಗರದಲ್ಲಿ ಕೂಡಿಕೊಂಡು, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿ, ಲಾಲ್‌ಬಾಗಿನಲ್ಲಿ ಇಳಿದು ಆಟೊ ಹಿಡಿಯುತ್ತಿದ್ದೆ. ವಾಪಸು ಬರುವಾಗ ಮಾತ್ರ ಮನೆವರೆಗೂ ಆಟೊ.

ಮೊದಲನೆಯ ಸಲ ಹೋಗುವಾಗ ಅಕ್ಕ ಕೇಳಿದಳು, "ನಿನ್ನ ಪಾಠದಲ್ಲಿ ಇದು ಯಾಕೆ ಬರುತ್ತೆ ಅಂತ ಬರೆದಿದೆಯಾ? ನಾನೇನು ಪಾಪ ಮಾಡಿದ್ದೆ ಅಂತ?" ನೋಡಲು ಬಂದ ನೆಂಟರೊಬ್ಬರು ‘ಪೂರ್ವಜನ್ಮದ್ದು’ ಎಂದು ಹೇಳಿ, ಕಾಫಿ ಕುಡಿದು ಹೋಗಿದ್ದರು.

ಧೈರ್ಯ ಹೇಳುವುದು ನನಗೆ ಬರುವುದಿಲ್ಲ. ಬರುವುದು ಪಾಠ ಹೇಳುವುದು. ಅದನ್ನೇ ಹೇಳಿದೆ. "ನಾನು ಮಕ್ಕಳಿಗೆ ಶುದ್ಧಬರಹ ಬರೆಸ್ತೀನಲ್ಲ, ಹಾಗೆ ಮೈಯೊಳಗೆ ಪ್ರತಿ ಕ್ಷಣ ನಕಲು ನಡೀತಾ ಇರುತ್ತೆ. ಕೆಂಪು ರಕ್ತಕಣಗಳೇ ಒಂದು ಸೆಕೆಂಡಿಗೆ 20 ಲಕ್ಷ ಹುಟ್ಟುತ್ತವೆ. ಬರೆದದ್ದನ್ನು ಅಲ್ಲೇ ತಿದ್ದುವವರೂ ಇದ್ದಾರೆ. ಎಷ್ಟು ಚೆನ್ನಾಗಿ ತಿದ್ದುತ್ತಾರೆ ಅಂದರೆ, ತಿದ್ದಿದ ಮೇಲೆ 100 ಕೋಟಿ ಅಕ್ಷರಕ್ಕೆ ಒಂದು ತಪ್ಪು ಉಳಿದರೆ ಹೆಚ್ಚು. ಆದರೂ ಉಳಿಯುತ್ತೆ. ಎಲ್ಲಾದರೂ ಉಳಿದರೆ ಚಿಂತೆಯಿಲ್ಲ. ‘ಇನ್ನು ಸಾಕು, ನಿಲ್ಲು’ ಅಂತ ಬರೆದಿರುವ ಜಾಗಗಳಲ್ಲೇ ಒಂದರ ಮೇಲೊಂದು ತಪ್ಪಾದರೆ, ಆ ಕೋಶಕ್ಕೆ ನಿಲ್ಲಿಸೋದು ಮರೆತುಹೋಗುತ್ತೆ. ಅದೇ ಇದು."

ಅಕ್ಕ ಹೊಸಹಳ್ಳಿಯ ಮನೆಗಳ ತಾರಸಿಗಳನ್ನು ನೋಡುತ್ತ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ಅಪ್ಪ ಹೇಳ್ತಿದ್ದರಲ್ಲ, ಎಳೆ ಕಡಿದ ಮೇಲೂ ಕದಿರು ತಿರುಗಿದರೆ ಗಂಟಾಗುತ್ತೆ ಅಂತ. ಹಾಗೆ" ಎಂದಳು. ಒಂಬತ್ತನೆಯ ತರಗತಿಯ ನಲವತ್ತು ಮಕ್ಕಳಿಗೆ ನಾಲ್ಕು ಪಿರಿಯಡ್ಡಿನಲ್ಲಿ ಹೇಳಲಾಗದ್ದನ್ನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಒಂದು ವಾಕ್ಯದಲ್ಲಿ ಮುಗಿಸಿದಳು. "ಹಾಗಾದರೆ ಇದು ಕಾಗುಣಿತದ ತಪ್ಪು. ಪಾಪ ಅಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು.

ಎರಡನೆಯ ಸಲ ಕೀಮೊಗೆ ಹೋಗುವ ಹೊತ್ತಿಗೆ ಕೂದಲು ಉದುರಿತು. ಸೊಂಟ ದಾಟುವ ಜಡೆ ಅವಳದು. ಬಾಚಣಿಗೆಯಲ್ಲಿ ಹಿಡಿ ಹಿಡಿಯಾಗಿ ಬಂದಾಗ ಎದೆ ಕಳೆದುಕೊಂಡಾಗಲೂ ಅಳದವಳು ಅತ್ತಳು. ಆಗಲೂ ಪಾಠವೇ ನೆರವಿಗೆ ಬಂತು. ಔಷಧಿಗೆ ಕ್ಯಾನ್ಸರ್ ಕೋಶದ ಗುರುತಿಲ್ಲ, ಬೇಗ ಬೇಗ ಒಡೆಯುವ ಕೋಶ ಕಂಡರೆ ಹಿಡಿಯುತ್ತದೆ. ಕೂದಲಿನ ಬುಡ, ಬಾಯೊಳಗಿನ ಚರ್ಮ, ಮೂಳೆಯೊಳಗಿನ ಮಜ್ಜೆ, ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುವ ಕರುಳಿನ ಒಳಪದರ, ಎಲ್ಲವೂ ಹಾಗೆ ಬೇಗ ಒಡೆಯುವಂಥವೇ. ಅದಕ್ಕೇ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು. "ಅವೆಲ್ಲ ಒಳ್ಳೆಯ ಕೆಲಸಗಾರರು ಅಕ್ಕ. ದೊಂಬಿಯಲ್ಲಿ ಪೆಟ್ಟು ತಿಂದವರು. ಔಷಧಿ ನಿಂತ ಮೇಲೆ ಮತ್ತೆ ಕೆಲಸಕ್ಕೆ ಬರ್ತಾರೆ" ಎಂದೆ. ಮಿಲ್ಲಿನವನ ಮಗಳಿಗೆ ಇದೂ ಅರ್ಥವಾಯಿತು.

ಐದನೆಯ ಸಲದಿಂದ ಔಷಧಿ ಬದಲಾಯಿತು. ಪ್ಯಾಕ್ಲಿಟ್ಯಾಕ್ಸೆಲ್ ಎಂದು ಅದರ ಹೆಸರು. ಅಮೆರಿಕದ ಪಶ್ಚಿಮ ತೀರದ ಯೂ ಎಂಬ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಅದನ್ನು ಬೇರ್ಪಡಿಸಿ 1971ರಲ್ಲಿ ಲೋಕಕ್ಕೆ ತಿಳಿಸಿದವರಲ್ಲಿ ನಮ್ಮ ದೇಶದಲ್ಲಿ ಹುಟ್ಟಿ ಅಲ್ಲಿಗೆ ಹೋಗಿದ್ದ ಮನಸುಖ್ ವಾಣಿ ಒಬ್ಬರು. ಅದು ಕೆಲಸ ಮಾಡುವ ಬಗೆಯನ್ನು 1979ರಲ್ಲಿ ತಂಡದೊಡನೆ ಕಂಡುಹಿಡಿದವರು ಸೂಸನ್ ಹಾರ್ವಿಟ್ಸ್ ಎಂಬ ಹೆಣ್ಣುಮಗಳು. ಕದಿರಿನ ಎಳೆಗಳು ಬಿಚ್ಚಿಕೊಳ್ಳದ ಹಾಗೆ ಅದು ಗಟ್ಟಿಯಾಗಿ ಹಿಡಿದುಬಿಡುತ್ತದೆ. ಎಳೆ ಸಡಿಲವಾಗದಿದ್ದರೆ ಎಳೆಯುವುದೆಲ್ಲಿ? ಕೋಶ ಅರ್ಧದಲ್ಲೇ ಸಿಕ್ಕಿಹಾಕಿಕೊಂಡು ಸಾಯುತ್ತದೆ.

ಇದರ ತಂಗಿಯಂಥದ್ದು ನಮ್ಮ ಮನೆಯ ಮುಂದೆಯೇ ಇದೆ. ಪೂಜೆಗೆಂದು ನಾವೆಲ್ಲ ಬೆಳೆಸುವ ನಿತ್ಯಪುಷ್ಪ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಅದರ ಎಲೆಯ ಕಷಾಯ ಕುಡಿಯುತ್ತಾರೆಂದು ಕೇಳಿ ಕೆನಡಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಪರೀಕ್ಷೆ ಮಾಡಹೊರಟರು. ಸಕ್ಕರೆಗೆ ಏನೂ ಸಿಗಲಿಲ್ಲ. 1958ರ ಹೊತ್ತಿಗೆ ಕ್ಯಾನ್ಸರಿಗೆ ಔಷಧಿ ಸಿಕ್ಕಿತು. ಅದು ಕದಿರಿನ ಎಳೆ ಹುಟ್ಟುವುದನ್ನೇ ತಡೆಯುತ್ತದೆ. ಅದೇ ಗಿಡದ ಇನ್ನೊಂದು ಸಾರ ವಿನ್‌ಕ್ರಿಸ್ಟೀನ್ ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡುವ ಔಷಧಿ. ಇದನ್ನು ಕೇಳಿದ ಅಕ್ಕ ನಾಲ್ಕು ಎಲೆ ಕೀಳಲು ಹೊರಟಿದ್ದಳು. ಕೈ ಹಿಡಿದು ನಿಲ್ಲಿಸಿದೆ. ನೀವೂ ಹಾಗೆ ಮಾಡಬೇಡಿ. ಗಿಡದಲ್ಲಿ ಔಷಧಿ ಇರುವುದು ತೀರ ಅಲ್ಪ, ಎಲೆ ಮಾತ್ರ ವಿಷ. ಹೂವು ದೇವರಿಗಿರಲಿ, ಔಷಧಿ ಡಾಕ್ಟರಿಗಿರಲಿ.

ಈ ನಡುವೆ ನಮ್ಮ ವಿಜ್ಞಾನದ ಟೀಚರು ಮಗುವನ್ನು ಶಾಲೆಗೆ ತಂದು ತೋರಿಸಿದರು. ಅದು ನನ್ನ ಬೆರಳು ಹಿಡಿದುಕೊಂಡಿತು. ಗರ್ಭದಲ್ಲಿ ಮಗುವಿನ ಕೈ ಮೊದಲು ಹುಟ್ಟಿನ ಹಾಗೆ ಚಪ್ಪಟೆಯಾಗಿರುತ್ತದೆ. ನಡುವಿನ ಕೋಶಗಳು ಹೊತ್ತು ನೋಡಿ ತಾವಾಗಿಯೇ ಸಾಯುತ್ತವೆ. ಆಗ ಬೆರಳುಗಳು ಬಿಡಿಬಿಡಿಯಾಗುತ್ತವೆ. ಬರೀ ಬೆಳೆಯುವುದರಿಂದ ಆದದ್ದಲ್ಲ ಆ ಕೈ. ನಿಂತದ್ದರಿಂದ, ಬಿಟ್ಟುಕೊಟ್ಟದ್ದರಿಂದಲೂ ಆದದ್ದು. ಇಲ್ಲಿಯವರೆಗೆ ಬೆಳವಣಿಗೆ ಎಂದರೆ ಹೆಚ್ಚಾಗುವುದು ಎಂದೇ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೆ. ‘ಸಾಕು’ ಎಂಬುದೂ ಬೆಳವಣಿಗೆಯದೇ ಒಂದು ಪಾಠವೆಂದು ಆ ಕೂಸು ಕಲಿಸಿತು. ಆದರೆ ನಮ್ಮ ಅಕ್ಕಂದಿರು ಈ ‘ಸಾಕು’ವನ್ನು ತಪ್ಪು ಜಾಗದಲ್ಲಿ ಹೇಳುತ್ತಾರೆ. ನನಗೆ ಸಾಕು, ನನ್ನದೇನು ಬಿಡಿ, ಮೊದಲು ಅವರದಾಗಲಿ ಎನ್ನುತ್ತಾರೆ. ನಿಲ್ಲಿಸಬೇಕಾದದ್ದು ಒಳಗೆ ನಿಲ್ಲದೆ ತಿರುಗುತ್ತಿರುತ್ತದೆ.

ಆಗಸ್ಟಿನಲ್ಲಿ ಎಂಟನೆಯ ಕೀಮೊ ಮುಗಿಯಿತು. ಆಮೇಲೆ ರೇಡಿಯೇಷನ್ ಆಯಿತು. ಒಂದು ದಿನ ಅಕ್ಕ ಕೈ ಚಾಚಿ, "ಇದೇನೇ?" ಎಂದಳು. ಉಗುರುಗಳ ಮೇಲೆ ಅಡ್ಡಡ್ಡಲಾಗಿ ಗೆರೆ ಬಿದ್ದಿದ್ದವು, ಕೊರೆದ ಹಾಗೆ. ಉಗುರಿನ ಬುಡದ ಕೋಶಗಳೂ ಬಿಡುವಿಲ್ಲದೆ ಒಡೆಯುವಂಥವೇ. ಪ್ರತಿ ಸಲ ಔಷಧಿ ಹೋದಾಗ ಅವು ಕೆಲವು ದಿನ ಕೆಲಸ ನಿಲ್ಲಿಸಿವೆ, ಮತ್ತೆ ಶುರುಮಾಡಿವೆ. ನಿಂತ ದಿನಗಳ ಗುರುತು ಆ ಗೆರೆ. ಹೆಬ್ಬೆರಳಿನ ಮೇಲೆ ಎಣಿಸಿದೆವು, ಸ್ಪಷ್ಟವಾಗಿ ಆರು ಕಂಡವು. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. "ಇನ್ನು ಆರು ತಿಂಗಳಿಗೆ ಕೊನೆಯ ಗೆರೆ ತುದಿಗೆ ಬರುತ್ತೆ ನೋಡು" ಎಂದೆ. ಅವಳಿಗೆ ಅದೇ ಕ್ಯಾಲೆಂಡರ್ ಆಯಿತು. ಫೋನು ಮಾಡಿದಾಗಲೆಲ್ಲ, "ಅರ್ಧ ದಾಟಿತು", "ಇನ್ನು ಎರಡೇ ಇದೆ" ಎನ್ನುತ್ತಿದ್ದಳು. ತಲೆಯ ಮೇಲೆ ಮೊಳಕೆಯ ಹಾಗೆ ಕೂದಲು ಬಂತು. ಹುಟ್ಟಿದಾಗಿನಿಂದ ನೇರವಾಗಿದ್ದ ಕೂದಲು ಈ ಸಲ ಗುಂಗುರಾಗಿ ಬಂತು.

ವಿಜ್ಞಾನದ ಟೀಚರು ರಜೆ ಮುಗಿಸಿ ಬಂದು ಬಹಳ ದಿನವಾಯಿತು. ಬಯಾಲಜಿ ಅವರಿಗೇ ಒಪ್ಪಿಸಿದ್ದೇನೆ. ಆದರೆ ಕೋಶ ವಿಭಜನೆಯ ಪಾಠ ಬಂದಾಗ ಪ್ರತಿ ವರ್ಷ ಹತ್ತು ನಿಮಿಷ ಕೇಳಿ ಪಡೆಯುತ್ತೇನೆ. ಹುಡುಗಿಯರಿಗೆ ಒಂದೇ ಮಾತು ಹೇಳುತ್ತೇನೆ. "ಮನೆಗೆ ಹೋಗಿ ಅಮ್ಮನಿಗೆ, ಅಜ್ಜಿಗೆ, ಅತ್ತೆಗೆ ಹೇಳಿ. ಎದೆಯಲ್ಲಿ ಗಂಟು ಸಿಕ್ಕರೆ ನೋವಿಲ್ಲದಿದ್ದರೂ ತೋರಿಸಬೇಕು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಅಲ್ಲ ಎಂದು ಹೇಳಬೇಕಾದವರು ಡಾಕ್ಟರು. ಪಕ್ಕದ ಮನೆಯವರೂ ಅಲ್ಲ, ಕನ್ನಡದ ಮಿಸ್ಸೂ ಅಲ್ಲ." ಮಕ್ಕಳು ನಗುತ್ತಾರೆ. ನಗಲಿ, ಮನೆಗೆ ಹೋಗಿ ಹೇಳಿದರೆ ಸಾಕು.

2024ರ ಫೆಬ್ರವರಿಯ ಒಂದು ಮಂಗಳವಾರ ಕೆಂಗೇರಿಗೆ ಹೋಗಿದ್ದೆ. ಕೊನೆಯ ಗೆರೆ ಹೆಬ್ಬೆರಳಿನ ತುದಿಗೆ ಬಂದು ನಿಂತಿತ್ತು. "ತೆಗೆದುಬಿಡೋಣ ಕೊಡು" ಎಂದು ನೇಲ್‌ಕಟರು ಹುಡುಕಿದೆ. "ಮಂಗಳವಾರ ಉಗುರು ತೆಗೀತಾರೇನೇ? ಟೀಚರಂತೆ ಟೀಚರು!" ಎಂದು ಬೈದಳು. ಮಾರನೆಯ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಫೋನು ಬಂತು. "ಆಯಿತು ಕಣೇ" ಎಂದಳು. ಈಗ ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತೇವೆ. ಪ್ರತಿ ಸಲ ರಿಪೋರ್ಟು ಕೈಗೆ ಬರುವವರೆಗೆ ಇಬ್ಬರೂ ಮಾತಾಡುವುದಿಲ್ಲ. ಬಂದ ಮೇಲೆ ಲಾಲ್‌ಬಾಗಿನ ಹತ್ತಿರ ಇಳಿದು ಕಾಫಿ ಕುಡಿಯುತ್ತೇವೆ. ದುಡ್ಡು ಅವಳೇ ಕೊಡುತ್ತಾಳೆ. "ನೀನು ಫೀಸು ತೊಗೊಳ್ಳದೆ ಪಾಠ ಹೇಳಿದೆಯಲ್ಲ" ಎನ್ನುತ್ತಾಳೆ. ಮೊದಲು ಹೇಳಿದ ಪಾಠದ ಮಾತನ್ನು ಅವಳು ಇವತ್ತಿನವರೆಗೂ ಎತ್ತಿಲ್ಲ.